ಅಮ್ಮನ ಮಾರಿನಲ್ಲಿ ಅಳೆದ ಮನೆ

ರೈಲಿಳಿದು ಬಸ್ಸು ಹತ್ತಿ ಹತ್ತು ನಿಮಿಷವೂ ಆಗಿರಲಿಲ್ಲ. ಕಿಟಕಿಯಾಚೆ ಒಂದು ಫಲಕ ಸರಿದುಹೋಯಿತು: ‘ಪೆರ್ದಾನ ಪುತ್ರ’. ಸ್ವಲ್ಪ ಮುಂದೆ ಇನ್ನೊಂದು: ‘ವಿಸ್ಮ ಪುತ್ರ’. ಆಮೇಲೆ ‘ಇಸ್ತಾನ’, ‘ಸೆರಿ’. ನಾನು ಸೀಟಿನ ತುದಿಗೆ ಬಂದು ಕೂತೆ. ಗೊತ್ತಿಲ್ಲದ ದೇಶ, ಗೊತ್ತಿಲ್ಲದ ಭಾಷೆ. ಆದರೂ ಈ ಪದಗಳು ನಮ್ಮ ಮನೆಯ ಅಟ್ಟದ ಮೇಲಿನ ಹಳೇ ಪೆಟ್ಟಿಗೆಯಿಂದ ಎದ್ದು ಬಂದ ಹಾಗಿವೆಯಲ್ಲ! ಪೆರ್ದಾನ ಎಂದರೆ ಪ್ರಧಾನ. ವಿಸ್ಮ ಎಂದರೆ ಸಂಸ್ಕೃತದ ವೇಶ್ಮ, ಮನೆ. ಇಸ್ತಾನ ಎಂದರೆ ಅರಮನೆ. ಮೂಲ ಹುಡುಕಿದರೆ ಅದು ನಮ್ಮ ಆಸ್ಥಾನ. ಸೆರಿ ಎಂದರೆ ಶ್ರೀ, ನಮ್ಮ ಬಾಯಲ್ಲಿ ಸಿರಿ. ದೇಶದ ಪ್ರಧಾನಿ ಇಲ್ಲಿ ಪೆರ್ದಾನ ಮೆಂತೆರಿ. ಸಚಿವಾಲಯಕ್ಕೆ ಕೆಮೆಂತೆರಿಯನ್, ಆ ಪದದ ಹೊಟ್ಟೆಯೊಳಗೆ ಮಂತ್ರಿ ಕೂತಿದ್ದಾನೆ. ಕೊನೆಗೆ ಊರಿನ ಹೆಸರೇ ಪುತ್ರ ಮತ್ತು ಜಯ!

ಪುತ್ರಜಯಾ. ಕ್ವಾಲಾಲಂಪುರದಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್. ಮಲೇಷ್ಯಾದ ಮೊದಲ ಪ್ರಧಾನಿ ತುಂಕು ಅಬ್ದುಲ್ ರಹಮಾನ್ ಪುತ್ರ ಅವರ ಹೆಸರು ಹೊತ್ತ ಆಡಳಿತ ರಾಜಧಾನಿ. 1990ರ ದಶಕದ ಆರಂಭದವರೆಗೆ ಇಲ್ಲಿದ್ದದ್ದು ಪ್ರಾಂಗ್ ಬೆಸಾರ್ ಎಂಬ ತೋಟ ಮತ್ತು ಅದರ ಅಕ್ಕಪಕ್ಕದ ಎಸ್ಟೇಟುಗಳು. ಆ ಹೆಸರಿನ ಅರ್ಥ ಮಹಾಯುದ್ಧ. ಮೊದಲ ಮಹಾಯುದ್ಧ ಮುಗಿಸಿ ಬಂದ ಬ್ರಿಟಿಷ್ ಸೈನಿಕರು ಹಾಕಿದ ರಬ್ಬರ್ ತೋಟಕ್ಕೆ ಅದು ಅಂಟಿಕೊಂಡಿತ್ತು. ಆಮೇಲೆ ಎಣ್ಣೆತಾಳೆ ಬಂತು. ಮಹಾತಿರ್ ಮೊಹಮ್ಮದ್ ಸರ್ಕಾರ ರಾಜಧಾನಿಯನ್ನು ಇಲ್ಲಿಗೆ ತರಲು ತೀರ್ಮಾನಿಸಿತು. 1995ರಲ್ಲಿ ಕೆಲಸ ಶುರುವಾಯಿತು, 1999ರಲ್ಲಿ ಪ್ರಧಾನಿ ಕಚೇರಿ ಬಂದು ಕೂತಿತು, 2001ರ ಫೆಬ್ರುವರಿ 1ರಂದು ಇದು ಒಕ್ಕೂಟದ ನೇರ ಆಡಳಿತದ ಪ್ರದೇಶವಾಯಿತು. ಚುವಾ ನದಿಗೆ ಕಟ್ಟೆ ಕಟ್ಟಿ ಊರ ನಡುವೆ ಕೆರೆ ಮಾಡಿದರು. ನದಿ ನೀರು ಆ ಕೆರೆಗೆ ಬೀಳುವ ಮೊದಲು ಜೌಗು ಗಿಡಗಳ 24 ಅಂಕಣಗಳಲ್ಲಿ ಸೋಸಿಕೊಂಡು ಬರಬೇಕು! ಎಸ್ಟೇಟಿನ ಲೈನ್ ಮನೆಗಳಲ್ಲಿ ತಲೆಮಾರುಗಳಿಂದ ಬಾಳಿದ್ದ, ಹೆಚ್ಚಾಗಿ ತಮಿಳು, ಕುಟುಂಬಗಳು ಪಕ್ಕದ ಡೆಂಗ್ಕಿಲ್‌ನ ಫ್ಲ್ಯಾಟುಗಳಿಗೆ ಹೋದವು. ಆ ಲೈನ್ ಮನೆಗಳ ಗುರುತು ಈ ಊರಿನ ಯಾವ ಗುಮ್ಮಟದ ಮೇಲೂ ಇಲ್ಲ. ಇಷ್ಟೆಲ್ಲ ಬೆರಗಿನ ನಡುವೆ ಅದೊಂದು ಮುಳ್ಳು ನನ್ನೊಳಗೆ ಹಾಗೇ ಉಳಿದಿದೆ.

ಬಸ್ಸು ತಿರುಗಿತು, ಕೆರೆ ತೆರೆದುಕೊಂಡಿತು. ಅಬ್ಬಾ! ನೀರಿನಂಚಿಗೆ ಗುಲಾಬಿ ಬಣ್ಣದ ಗ್ರಾನೈಟಿನ ಪುತ್ರ ಮಸೀದಿ. ಹದಿನೈದು ಸಾವಿರ ಜನ ಒಟ್ಟಿಗೆ ನಮಾಜು ಮಾಡಬಲ್ಲ ಕಟ್ಟಡ. 116 ಮೀಟರ್ ಎತ್ತರದ ಮಿನಾರು. ಪಕ್ಕದ ದಿಣ್ಣೆಯ ಮೇಲೆ ಹಸಿರು ಗುಮ್ಮಟದ ಪೆರ್ದಾನ ಪುತ್ರ, ಪ್ರಧಾನಿಯ ಕಚೇರಿ. ಅಲ್ಲಿಂದ ಹೊರಟ ರಾಜಬೀದಿ 4.2 ಕಿಲೋಮೀಟರ್ ನೆಟ್ಟಗೆ ಓಡಿ, ಆಚೆ ತುದಿಯ ಗುಡ್ಡದ ಮೇಲಿನ ಸಮಾವೇಶ ಭವನಕ್ಕೆ ಮುಟ್ಟುತ್ತದೆ. ನೂರು ಮೀಟರ್ ಅಗಲದ ಬೀದಿ! ಎರಡೂ ಕಡೆ ಸಚಿವಾಲಯಗಳು, ನ್ಯಾಯಾಲಯ, ಒಂದಕ್ಕಿಂತ ಒಂದು ಮಿಗಿಲಾದ ಸೇತುವೆಗಳು. ಕತ್ತು ಯಾವ ಕಡೆ ತಿರುಗಿಸಲಿ ಎಂದು ತಿಳಿಯದೆ ಮಗುವಿನ ಹಾಗೆ ಎರಡೂ ಕಿಟಕಿಗೆ ಓಡಾಡಿದೆ.

ಆಮೇಲೆ ಮಸೀದಿಯ ಅಂಗಳದಲ್ಲಿ ನಿಂತು ಉಸಿರು ತೆಗೆದುಕೊಂಡಾಗ ಒಂದು ಪ್ರಶ್ನೆ ಬಂತು. ಮಿನಾರಿಗೆ ಸ್ಫೂರ್ತಿ ಬಾಗ್ದಾದಿನ ಶೇಖ್ ಉಮರ್ ಮಸೀದಿ. ಎದುರಿನ ಪುತ್ರ ಸೇತುವೆಗೆ ಮಾದರಿ ಇರಾನಿನ ಇಸ್ಫಹಾನಿನ ಖಾಜು ಸೇತುವೆ. ನ್ಯಾಯಾಲಯದ ಗುಮ್ಮಟ ನೋಡಿದರೆ ತಾಜಮಹಲು ನೆನಪಾಗುತ್ತದೆ. ಹಾಗಾದರೆ ಈ ನೆಲದವರು, ಇದೇ ನದಿಗಳ ದಂಡೆಯಲ್ಲಿ ನೂರಾರು ವರ್ಷ ಮನೆ ಕಟ್ಟಿಕೊಂಡು ಬಂದ ಮಲಯ ಜನ, ತಮ್ಮ ಹೊಸ ರಾಜಧಾನಿಯಲ್ಲಿ ಎಲ್ಲಿದ್ದಾರೆ?

ಇದು ಪರಕೀಯ ಪ್ರಶ್ನೆಯೇನೂ ಅಲ್ಲ. ಬೆಂಗಳೂರಿನ ಅಂಬೇಡ್ಕರ್ ಬೀದಿಯಲ್ಲಿ ಒಮ್ಮೆ ನಿಂತು ಆ ಕಡೆ ಈ ಕಡೆ ನೋಡಿದವರಿಗೆ ಗೊತ್ತು. ಒಂದು ಕಡೆ ಬ್ರಿಟಿಷರ ಕಾಲದ ಕೆಂಪು ಅಠಾರ ಕಚೇರಿ. ಅದರೆದುರು 1951ರಲ್ಲಿ ನೆಹರೂ ಅಡಿಗಲ್ಲು ಇಟ್ಟು 1956ರಲ್ಲಿ ಎದ್ದು ನಿಂತ ವಿಧಾನಸೌಧ. ಮೊದಲಿದ್ದ ಸಾದಾ ನಕ್ಷೆಯನ್ನು ಕೆಂಗಲ್ ಹನುಮಂತಯ್ಯ ಪಕ್ಕಕ್ಕಿಟ್ಟು, ನಮ್ಮ ದೇವಾಲಯಗಳ ಕಂಬ, ಬೋದಿಗೆ, ಹೊರಚಾಚಿದ ಸೂರುಗಳನ್ನೆಲ್ಲ ಗ್ರಾನೈಟಿನಲ್ಲಿ ಬಿಡಿಸಿಟ್ಟರು. ಪರರ ಕಟ್ಟಡದ ಎದುರು ನಮ್ಮ ಮುಖ ಕಾಣಬೇಕೆಂಬ ಆ ಹಟ ನನಗೆ ಇಂದಿಗೂ ರೋಮಾಂಚನ ತರುತ್ತದೆ. ಹೊಸದಾಗಿ ಸ್ವತಂತ್ರವಾದ ಪ್ರತಿಯೊಂದು ನಾಡೂ ಒಂದಲ್ಲ ಒಂದು ದಿನ ಈ ಕನ್ನಡಿಯ ಎದುರು ನಿಲ್ಲಬೇಕು. ಪುತ್ರಜಯಾ ನಿಂತಾಗ ಅದಕ್ಕೆ ತನ್ನ ಧರ್ಮದ ದೊಡ್ಡ ಲೋಕ ಕಂಡಿತು. ಮನೆಯ ಲೋಕ?

ಮಸೀದಿಯ ಬಾಗಿಲ ಬಳಿ ಬಂದಾಗ ಮೊದಲ ಸುಳಿವು ಸಿಕ್ಕಿತು. ಗುಲಾಬಿ ಕಲ್ಲಿನ ನಡುವೆ ಕಪ್ಪುಗೆಂಪು ಮರದ ಬಾಗಿಲು. ಮುಟ್ಟಿದೆ. ಕಲ್ಲಿನಷ್ಟೇ ಗಟ್ಟಿ, ಆದರೆ ಕೈಗೆ ತಣ್ಣಗೆ ಹತ್ತಲಿಲ್ಲ. ಚೆಂಗಾಲ್! ಗೆದ್ದಲು ಹಿಡಿಯದ, ಮಳೆಗೆ ಬಗ್ಗದ, ಮಲಯ ನಾಡಿನ ಹೆಬ್ಬಾಗಿಲುಗಳ ಮರ. ನಮ್ಮಲ್ಲಿ ಸಾಗುವಾನಿಗೆ, ಹಲಸಿಗೆ ಇರುವ ಮರ್ಯಾದೆ ಇಲ್ಲಿ ಅದಕ್ಕೆ. ಬಾಗ್ದಾದಿನಿಂದ ಬಂದ ರೂಪದೊಳಗೆ ಈ ಕಾಡಿನ ಮರ ಬಂದು ನಿಂತಿತ್ತು. ಅದರ ಜಾಡು ಹಿಡಿದು ಹೋಗಲೇಬೇಕು ಅನ್ನಿಸಿತು.

ಹೋಗಲು ದಾರಿ ಇದೆ, ಅದೂ ಎಂಥ ದಾರಿ! 2023ರ ಮಾರ್ಚಿನಿಂದ ಪೂರ್ತಿಯಾಗಿ ಓಡುತ್ತಿರುವ ಮೆಟ್ರೋ ಮಾರ್ಗದ ಹೆಸರೇ ಪುತ್ರಜಯಾ ಮಾರ್ಗ. 57.7 ಕಿಲೋಮೀಟರ್. ಹೊಸ ರಾಜಧಾನಿಯಲ್ಲಿ ಹತ್ತಿ ಕೂತರೆ ಅದೇ ರೈಲು ಹಳೇ ಕ್ವಾಲಾಲಂಪುರದ ಹೊಟ್ಟೆಯೊಳಗೆ ನುಗ್ಗುತ್ತದೆ. ಮಾರನೇ ಬೆಳಿಗ್ಗೆ ಕಾನ್ಲೇ ನಿಲ್ದಾಣದಲ್ಲಿ ಇಳಿದು, ಗಾಜಿನ ಗೋಪುರಗಳ ಸಂದಿಯಲ್ಲಿ ನಡೆದು ಸ್ಟೋನರ್ ರಸ್ತೆಗೆ ಬಂದೆ. ಅಲ್ಲಿ, ಪಟ್ಟಣದ ನಟ್ಟನಡುವೆ, ಕಾಲುಗಳ ಮೇಲೆ ನಿಂತ ಮರದ ಮನೆ!

ರುಮಾ ಪೆಂಗುಲು ಅಬು ಸೆಮಾನ್. ಪೆಂಗುಲು ಎಂದರೆ ಊರ ಮುಖಂಡ, ನಮ್ಮ ಪಟೇಲರ ಹಾಗೆ. ಉತ್ತರದ ಕೆಡಾ ರಾಜ್ಯದ ಹಳ್ಳಿಯೊಂದರಲ್ಲಿ 1910ರಿಂದ 1930ರ ದಶಕದ ಆರಂಭದವರೆಗೆ ತುಸು ತುಸುವಾಗಿ ಬೆಳೆದ ಮನೆ. ಹಾಳು ಸುರಿಯುತ್ತಿದ್ದ ಇದನ್ನು ‘ಬದಾನ್ ವಾರಿಸಾನ್ ಮಲೇಷ್ಯಾ’ ಎಂಬ ಪರಂಪರೆ ಸಂಸ್ಥೆ 1996ರಲ್ಲಿ ಕೊಂಡು, ಬಿಚ್ಚಿ, ಇಲ್ಲಿಗೆ ಸಾಗಿಸಿ, ಮತ್ತೆ ಜೋಡಿಸಿ ನಿಲ್ಲಿಸಿತು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ‘ಹಸ್ತಶಿಲ್ಪ’ ಎಂಬ ಪಾರಂಪರಿಕ ಗ್ರಾಮಕ್ಕಾಗಿ ಹಳೇ ಮನೆಗಳನ್ನು ಕಂಬ ಕಂಬ ಬಿಚ್ಚಿ ತಂದು ನಿಲ್ಲಿಸಿದ್ದನ್ನು ಕಂಡವರಿಗೆ ಈ ಕೆಲಸದ ಹಿಂದಿನ ಹುಚ್ಚುಪ್ರೀತಿ ಎಂಥದೆಂದು ಹೇಳಬೇಕಿಲ್ಲ. ಅಂದ ಹಾಗೆ ವಾರಿಸಾನ್ ಎಂಬ ಪದ ಕೇಳಿದ ಕೂಡಲೇ ಕಿವಿ ನಿಮಿರಿತು. ಅರಬ್ಬಿಯಿಂದ ಅವರಿಗೆ ವಾರಿಸಾನ್ ಬಂತು, ನಮಗೆ ವಾರಸು ಬಂತು. ಪರಂಪರೆಗೆ ಅವರು ಇಟ್ಟುಕೊಂಡ ಹೆಸರು ಅದು. ಮುಟ್ಟಬಹುದಾದ, ಪಾಲು ಕೇಳಬಹುದಾದ, ಕಳೆದುಕೊಳ್ಳಲೂಬಹುದಾದ ಆಸ್ತಿ.

ಮೆಟ್ಟಿಲು ಹತ್ತುವ ಮೊದಲು ಬಗ್ಗಿ ಕೆಳಗೆ ನೋಡಿದೆ. ಕಂಬಗಳು ನೆಲದೊಳಗೆ ಹೂತಿರಲಿಲ್ಲ! ಒಂದೊಂದು ಕಂಬವೂ ಬುಡದಲ್ಲಿ ಆಸರೆಯ ಮೇಲೆ ಸುಮ್ಮನೆ ಕೂತಿದೆ. ಮಲಯ ಮನೆಗೆ ಅಡಿಪಾಯವೆಂದರೆ ಇಷ್ಟೇ. ನೆಲದ ತೇವ ಮರಕ್ಕೆ ಏರುವುದಿಲ್ಲ, ನೆರೆ ಬಂದರೆ ನೀರು ಮನೆಯ ಕೆಳಗೆ ಹಾದುಹೋಗುತ್ತದೆ, ಗಾಳಿ ಹಲಗೆಯ ಸಂದಿಯಿಂದ ಮೇಲೇರಿ ಕೂತವರ ಬೆನ್ನು ತಣಿಸುತ್ತದೆ. ಇನ್ನೂ ಒಂದು ಸಂಗತಿ ಕೇಳಿ. ಮನೆ ಬೇರೆ ಕಡೆ ಬೇಕೆನಿಸಿದರೆ ಊರವರು ಸೇರಿ ಅದನ್ನು ಹೊತ್ತುಕೊಂಡು ಹೋಗುತ್ತಿದ್ದರು! ಉಸುಂಗ್ ರುಮಾ ಎಂದು ಅದಕ್ಕೆ ಹೆಸರು. ಕೆಳಗೆ ಬೊಂಬು ಕಟ್ಟಿ, ಹತ್ತಾರು ಹೆಗಲು ಕೊಟ್ಟು, ಒಂದೇ ಕೂಗಿಗೆ ಎತ್ತಿ, ಇಡೀ ಮನೆ ಗದ್ದೆಯ ಮೇಲೆ ನಡೆದುಹೋಗುತ್ತಿತ್ತು. ನಮ್ಮ ಮಲೆನಾಡಿನಲ್ಲಿ ನಾಟಿಗೂ ಸೋಗೆ ಹೊದಿಸುವುದಕ್ಕೂ ಮುಯ್ಯಾಳು ಕರೆಯುವುದನ್ನು ನೋಡುತ್ತ ಬೆಳೆದವಳು ನಾನು. ಆದರೆ ಮನೆಯನ್ನೇ ಹೊರಲು ಮುಯ್ಯಾಳು!

ಒಳಗೆ ಹೋದೆ. ಮುಂದೆ ಸೆರಾಂಬಿ, ಬಂದವರು ಕೂರುವ ಉದ್ದನೆಯ ಜಾಗ, ನಮ್ಮ ಜಗಲಿ. ಹಿಂದೆ ದಾಪುರ್, ಅಡುಗೆಮನೆ. ನಡುವೆ ಎಲ್ಲಕ್ಕಿಂತ ಎತ್ತರದ, ಎಲ್ಲಕ್ಕಿಂತ ಮೊದಲು ಕಟ್ಟುವ ಭಾಗ. ಅದರ ಹೆಸರು ರುಮಾ ಇಬು. ಇಬು ಎಂದರೆ ಅಮ್ಮ. ತಾಯಿಮನೆ! ಮಗನಿಗೆ ಮದುವೆಯಾದರೆ, ಕೈಯಲ್ಲಿ ಕಾಸು ಸೇರಿದರೆ, ಪಕ್ಕಕ್ಕೆ ಇನ್ನೊಂದು ಮಾಡು ಇಳಿಸಿ ಮನೆ ಬೆಳೆಸುತ್ತಾರೆ. ಎಷ್ಟು ಬೆಳೆದರೂ ತಾಯಿಮನೆಯ ನೆಲ ಉಳಿದದ್ದಕ್ಕಿಂತ ಒಂದು ಹೆಜ್ಜೆ ಮೇಲೆಯೇ.

ಈಗ ಹೇಳುವುದನ್ನು ತಿಳಿದಾಗ ನಾನು ಆ ಹಲಗೆಯ ಮೇಲೆ ಕೂತುಬಿಟ್ಟೆ. ಹಳೆಯ ಮಲಯ ಬಡಗಿ ಮನೆಯನ್ನು ಅಡಿಯಲ್ಲೂ ಮೀಟರಿನಲ್ಲೂ ಅಳೆಯುತ್ತಿರಲಿಲ್ಲ. ಆ ಮನೆಯಲ್ಲಿ ಬಾಳಬೇಕಾದ ಗೃಹಿಣಿಯನ್ನು ಕರೆದು, ಎರಡೂ ತೋಳು ಚಾಚಿಸಿ, ಒಂದು ಕೈಬೆರಳ ತುದಿಯಿಂದ ಇನ್ನೊಂದು ಕೈಬೆರಳ ತುದಿವರೆಗೆ ಹಗ್ಗ ಹಿಡಿಯುತ್ತಿದ್ದ. ಆ ಅಳತೆಗೆ ದೆಪಾ ಎಂದು ಹೆಸರು. ನಮ್ಮಲ್ಲಿ ಅದಕ್ಕೆ ಸೊಗಸಾದ ಪದ ಇದೆ: ಮಾರು. ಹೂವಾಡಗಿತ್ತಿ ಇವತ್ತಿಗೂ ಮಾರು ಹಾಕಿ ಹೂ ಅಳೆದು ಕೊಡುತ್ತಾಳಲ್ಲ, ಅದೇ. ಒಬ್ಬ ಹೆಂಗಸಿನ ಮಾರು ಹಿಡಿದು ಕಂಬದ ಅಂತರ, ಕೋಣೆಯ ಅಗಲ, ಮನೆಯ ಉದ್ದ ಎಲ್ಲವೂ ಹುಟ್ಟುತ್ತಿದ್ದವು! ಆಕೆ ಗಿಡ್ಡವಾಗಿದ್ದರೆ ಮನೆ ಅವಳಿಗೆ ತಕ್ಕಂತೆ ಪುಟ್ಟದು, ಉದ್ದವಾಗಿದ್ದರೆ ವಿಶಾಲ. ಹಾಗಾಗಿ ಒಂದು ಮನೆಯ ಹಾಗೆ ಇನ್ನೊಂದು ಮನೆ ಇರುವುದು ಸಾಧ್ಯವೇ ಇಲ್ಲ. ನನಗೆ ಗೊತ್ತಿಲ್ಲದಂತೆ ನನ್ನ ಕೈಗಳು ಎರಡೂ ಕಡೆ ಚಾಚಿಕೊಂಡಿದ್ದವು. ನಮ್ಮಜ್ಜಿಯ ನೆನಪಾಯಿತು. ಐದಡಿಗಿಂತ ಕಡಿಮೆ ಇದ್ದ ಆಕೆ ಜೀವಮಾನವಿಡೀ ಎಟುಕದ ನಾಗಂದಿಗೆಗೆ ಮಣೆ ಹಾಕಿ ಹತ್ತುತ್ತಿದ್ದಳು. ಯಾರೂ ಅವಳ ಮಾರು ಕೇಳಿರಲಿಲ್ಲ.

ಮೊದಲು ನಿಲ್ಲಿಸುವ ಮುಖ್ಯ ಕಂಬಕ್ಕೆ ತಿಯಾಂಗ್ ಸೆರಿ ಎಂದು ಹೆಸರು. ಸಿರಿಗಂಬ. ಅದರ ತಲೆಗೆ ಬಣ್ಣದ ಬಟ್ಟೆ ಇಟ್ಟು ಮೇಲಿನ ತೊಲೆ ಕೂರಿಸುವ ಪದ್ಧತಿ ಇತ್ತು. ನಮ್ಮಲ್ಲಿ ಮುಂಡಿಗೆ ನಿಲ್ಲಿಸುವಾಗ ಮಾವಿನ ಸೊಪ್ಪು ಕಟ್ಟುವುದು ಕಣ್ಣಿಗೆ ಕಟ್ಟಿತು. ಕಂಬಕ್ಕೂ ತೊಲೆಗೂ ಮೊಳೆ ಇಲ್ಲ. ಕಂಬದಲ್ಲಿ ತೂತು ಕೊರೆದು, ತೊಲೆ ತೂರಿಸಿ, ಪಾಸಾಕ್ ಎಂಬ ಬೆಣೆ ಹೊಡೆಯುತ್ತಾರೆ. ಮರ ಒಣಗಿ ಸಡಿಲವಾದರೆ ಬೆಣೆಗೆ ಇನ್ನೊಂದು ಏಟು, ಅಷ್ಟೇ. ನೆಗೆರಿ ಸೆಂಬಿಲಾನ್ ರಾಜ್ಯದ ಸೆರಿ ಮೆನಾಂತಿ ಅರಮನೆಯನ್ನು 1902ರಿಂದ 1908ರ ನಡುವೆ 99 ಕಂಬಗಳ ಮೇಲೆ ಹೀಗೆಯೇ ಎತ್ತಿದರು, ಕಬ್ಬಿಣದ ಮೊಳೆಯೇ ಇಲ್ಲದೆ! ಬಿಚ್ಚಿ ಜೋಡಿಸಲು ಬರುವುದರಿಂದಲೇ ಪೆಂಗುಲುವಿನ ಮನೆ ಕೆಡಾದಿಂದ ಇಲ್ಲಿಗೆ ಬರಲು ಸಾಧ್ಯವಾದದ್ದು.

ಬೆಳಗಿನ ಹತ್ತು ಗಂಟೆಯ ಹೊತ್ತಿರಬೇಕು. ಕಿಟಕಿಯ ಮೇಲಿನ ಕೊರೆದ ಹಲಗೆಯಿಂದ ಬಿಸಿಲು ಬಳ್ಳಿ ಬಳ್ಳಿಯಾಗಿ ನೆಲಕ್ಕೆ ಇಳಿದಿತ್ತು. ಮರದಲ್ಲಿ ಕೊರೆದ ಹೂ, ಎಲೆ, ತಂತುಗಳೆಲ್ಲ ನೆರಳಾಗಿ ನನ್ನ ಪಾದದ ಮೇಲೆ ಹರಿದವು. ಇಸ್ಲಾಮಿನ ನಂಬಿಕೆಗೆ ತಕ್ಕಂತೆ ಮಲಯ ಕುಸುರಿಯಲ್ಲಿ ಸಾಮಾನ್ಯವಾಗಿ ಮನುಷ್ಯರಿಲ್ಲ, ಪ್ರಾಣಿಗಳಿಲ್ಲ, ಬಳ್ಳಿಯೇ ಎಲ್ಲ. ಒಂದು ನಮೂನೆಗೆ ಅವಾನ್ ಲಾರಾತ್ ಎನ್ನುತ್ತಾರೆ, ಅಲೆಯುತ್ತ ಸಾಗುವ ಮೋಡ. ಬಳ್ಳಿ ಎಲ್ಲಿಂದ ಹೊರಟಿತು ಎಂಬುದು ಮರೆಯಲ್ಲಿರಬೇಕು, ಅದರ ಕುಡಿ ಪಕ್ಕದ ಎಲೆಯನ್ನು ಚುಚ್ಚದೆ ಬಾಗಿ ಹಿಂದಿರುಗಬೇಕು ಎಂಬುದು ಕೆತ್ತುವವರ ನಡೆನುಡಿ. ಬೆರಳಿಟ್ಟು ಒಂದು ಕುಡಿಯ ಹಿಂದೆ ಹೋದೆ. ನಿಜ, ಎಲ್ಲೂ ಚುಚ್ಚಲಿಲ್ಲ! ಅಲಂಕಾರವೆಂದುಕೊಂಡರೆ ಅರ್ಧವನ್ನಷ್ಟೇ ನೋಡಿದ ಹಾಗೆ. ಅದೇ ತೂತುಗಳಿಂದ ಕೋಣೆಯ ಬಿಸಿಗಾಳಿ ಮೇಲಕ್ಕೆ ಹೊರಟುಹೋಗುತ್ತದೆ. ಕಿಟಕಿಗಳೋ, ನೆಲದಿಂದಲೇ ಶುರು. ಜನ ಕೂರುವುದು ಚಾಪೆಯ ಮೇಲೆ ತಾನೇ, ಗಾಳಿ ಕೂತವರಿಗೆ ಸಿಗಬೇಕು. ಮಾಡಿನ ಸೂರು ಗೋಡೆಯಿಂದ ಎಷ್ಟು ಮುಂದೆ ಚಾಚಿರುತ್ತದೆಂದರೆ ನೆತ್ತಿಯ ಬಿಸಿಲು ಗೋಡೆಯನ್ನು ಮುಟ್ಟುವುದೇ ಇಲ್ಲ. ಮರ, ಬಿದಿರು, ತಾಳೆಗರಿ ಯಾವುದೂ ಶಾಖವನ್ನು ಕೂಡಿಡುವುದಿಲ್ಲ. ಹೊತ್ತು ಮುಳುಗಿ ಸ್ವಲ್ಪ ಹೊತ್ತಿಗೆ ಮನೆ ತಣ್ಣಗಾಗುತ್ತದೆ.

ಆ ನೆಲದ ಮೇಲೆ ಕೂತಾಗಲೇ ನನ್ನ ಪ್ರಶ್ನೆ ತಿರುವು ಪಡೆಯಿತು. ಮಲಯ ಮನೆಯ ಗುರುತು ಮಾಡಿನ ಆಕಾರದಲ್ಲಿದೆ, ಕುಸುರಿಯಲ್ಲಿದೆ ಎಂದು ಹುಡುಕುತ್ತಿದ್ದೆ. ಇರುವುದು ಬಿಸಿಲಿಗೆ, ಮಳೆಗೆ, ಅಮ್ಮನ ತೋಳಿಗೆ ಅದು ಕೊಟ್ಟ ಉತ್ತರದಲ್ಲಿ.

ಮತ್ತೆ ರೈಲು ಹತ್ತಿದೆ. ಮೂರನೇ ನಿಲ್ದಾಣ ರಾಜಾ ಉದಾ. ಅಲ್ಲಿಂದ ನಡೆದರೆ ಕಂಪುಂಗ್ ಬಾರು. 1900ರ ಸುಮಾರಿಗೆ ಸೆಲಂಗೋರಿನ ಸುಲ್ತಾನ್ ಸುಲೈಮಾನ್ ಅವರ ಕಾಲದಲ್ಲಿ, ಪಟ್ಟಣದಂಚಿನಲ್ಲಿ ಮಲಯರು ಬೇಸಾಯ ಮಾಡಿಕೊಂಡು ಇರಲಿ ಎಂದು ಬಿಟ್ಟುಕೊಟ್ಟ ನೆಲ. ಬೇಸಾಯ ನಡೆಯಲಿಲ್ಲ, ಊರು ಉಳಿಯಿತು. ಇವತ್ತು ಅದರ ನೆತ್ತಿಯ ಮೇಲೆಯೇ 452 ಮೀಟರ್ ಎತ್ತರದ ಪೆಟ್ರೋನಾಸ್ ಜೋಡಿಗೋಪುರ! ಬಾಳೆಗಿಡ, ಒಗೆದ ಬಟ್ಟೆ, ತೆಂಗಿನಹಾಲಿನ ಅನ್ನದ ಘಮ, ಕಾಲುಗಳ ಮೇಲೆ ನಿಂತ ಒಂದು ಹಳೇ ಮನೆ, ಅದರ ಮಾಡಿನ ಹಿಂದೆಯೇ ಉಕ್ಕು ಹೊದ್ದ ಆ ಗೋಪುರಗಳು. ಕಣ್ಣು ನಂಬುವುದಿಲ್ಲ.

ಈ ನೆಲದ ಬೆಲೆ ಎಷ್ಟಿರಬಹುದು ಎಂದು ಊಹಿಸಿ. ಕೊಳ್ಳಲು, ಕೆಡವಲು, ಕಟ್ಟಲು ಯಾರಿಗೆ ಆಸೆಯಿಲ್ಲ? ಆದರೆ ಇಲ್ಲಿನ ಜಮೀನಿಗೆ ಮಲಯರು ಮಾತ್ರ ಒಡೆಯರಾಗಬಹುದು. ಪಿತ್ರಾರ್ಜಿತವೋ ಇಸ್ಲಾಮಿನ ವಾರಸು ನಿಯಮದ ಪ್ರಕಾರ ಮಕ್ಕಳು, ಮೊಮ್ಮಕ್ಕಳಿಗೆ ಹಂಚಿಹೋಗುತ್ತ ಒಂದು ಪುಟ್ಟ ನಿವೇಶನಕ್ಕೆ ಹತ್ತಾರು ಪಾಲುದಾರರು. ಒಬ್ಬರ ಸಹಿ ಸಿಕ್ಕರೆ ಇನ್ನೊಬ್ಬರದು ಸಿಗದು. ನಮ್ಮ ಹಳ್ಳಿಯ ಪಹಣಿಗಳನ್ನು ನೋಡಿದವರಿಗೆ ಈ ಕಥೆ ಹೊಸದೇನಲ್ಲ. 2011ರಲ್ಲಿ ಈ ಊರಿನ ಅಭಿವೃದ್ಧಿಗೆಂದೇ ಸಂಸತ್ತು ಕಾನೂನು ಮಾಡಿ ನಿಗಮ ಸ್ಥಾಪಿಸಿತು. 2019ರಲ್ಲಿ ಸರ್ಕಾರವೇ ಇಡೀ ಊರನ್ನು ಕೊಳ್ಳಲು ದರ ಹೇಳಿತು. ಒಪ್ಪಿದವರೂ ಇದ್ದರು, ಆಗದು ಎಂದವರೂ ಇದ್ದರು. ಹಳೇ ಮನೆಗಳು ಒಂದೊಂದಾಗಿ ಹೋಗುತ್ತಿವೆ. ಕಾಂಕ್ರೀಟ್ ಎದ್ದ ಕಡೆ ಎದ್ದಿದೆ.

ಹೊಸ ಕಟ್ಟಡಗಳಲ್ಲಿ ಮಲಯ ಗುರುತು ಉಳಿಸುವುದು ಹೇಗೆ ಎಂಬ ಚರ್ಚೆಗೆ ಈ ದೇಶದಲ್ಲಿ ದೊಡ್ಡ ಇತಿಹಾಸವೇ ಇದೆ. 1963ರ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಮಿನಾಂಗ್‌ಕಬಾವ್ ಜನರ ಅರಮನೆಯ ಹಾಗೆ ಮೇಲೆದ್ದ ಮಾಡು ಇಟ್ಟರು. 1988ರ ಮೇಬ್ಯಾಂಕ್ ಗೋಪುರಕ್ಕೆ ವಾಸ್ತುಶಿಲ್ಪಿ ಹಿಜ್ಜಾಸ್ ಕಸ್ತೂರಿ ಕೆರಿಸ್ ಎಂಬ ಕಠಾರಿಯ ಹೋಲಿಕೆ ಕೊಟ್ಟರು. ಪುತ್ರಜಯಾದ ರಾಜಬೀದಿಯ ತುದಿಯಲ್ಲಿ ನಾನು ಕಂಡ ಸಮಾವೇಶ ಭವನವೂ ಅವರದೇ. ಅದರ ಆಕಾರ ಮಲಯ ರಾಜಮನೆತನದವರು ನಡುಪಟ್ಟಿಗೆ ಹಾಕುತ್ತಿದ್ದ ಬೆಳ್ಳಿಯ ಬಿಲ್ಲೆ, ಪೆಂಡಿಂಗ್ ಪೆರಾಕ್! ಡಾಬಿನ ಬಿಲ್ಲೆಯಷ್ಟಿದ್ದದ್ದು ಗುಡ್ಡದಷ್ಟಾಗಿ ಕೂತಿದೆ. ಚೆಂದವೋ ಚೆಂದ. ಆದರೂ ತಾಯಿಮನೆಯ ನೆಲದ ಮೇಲೆ ಕೂತು ಬಂದ ಮೇಲೆ ನನಗೆ ಒಡವೆಯ ಆಕಾರವೊಂದೇ ಸಾಲಲಿಲ್ಲ. ಐವತ್ತು ಅಂತಸ್ತಿನ ನೆತ್ತಿಗೆ ಹಳ್ಳಿಮನೆಯ ಮಾಡು ತೊಡಿಸಿದರೆ ಕೆಳಗಿನ ನಲವತ್ತೊಂಬತ್ತು ಅಂತಸ್ತಿನಲ್ಲಿ ಇರುವವರಿಗೆ ಅದು ಕೊಡುವುದೇನು? ಪುತ್ರಜಯಾದಿಂದ ಅನತಿದೂರದ ಬಾಂಗಿಯಲ್ಲಿ ಜಿಮ್ಮಿ ಲಿಮ್ ಎಂಬ ವಾಸ್ತುಶಿಲ್ಪಿ ಬೇರೆ ದಾರಿ ಹಿಡಿದರು. ಸಾಲಿಂಜರ್ ಮನೆ ಎಂದು ಅದಕ್ಕೆ ಹೆಸರು. ನಕ್ಷೆ ತ್ರಿಕೋನದ್ದು, ಯಾವ ಹಳೇ ಮನೆಯ ನಕಲೂ ಅಲ್ಲ. ಆದರೆ ಚೆಂಗಾಲ್ ಮರ, ಸಾಂಪ್ರದಾಯಿಕ ಬಡಗಿಗಳ ಕೈ, ನೆಲದಿಂದ ಎದ್ದ ಕಂಬ, ಚಾಚಿದ ಸೂರು ಎಲ್ಲವೂ ಅಲ್ಲಿವೆ. 1998ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಒಂದು ಮನೆಗೆ ಅದು ಸರಿ. ನೂರಾರು ಜನ ಕೆಲಸ ಮಾಡುವ ಸರ್ಕಾರಿ ಕಚೇರಿಗೆ? ಚೆಂಗಾಲ್ ಈಗ ಅಪರೂಪ, ದುಬಾರಿ. ಕಾಡು ಅಷ್ಟನ್ನು ಕೊಡಲಾರದು.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮೂರನೇ ದಿನ, ಪುತ್ರಜಯಾಕ್ಕೆ ಮರಳಿದ ಮೇಲೆ, ಹುಡುಕದೇ ಇದ್ದಾಗ.

ಎರಡನೇ ಪ್ರೆಸಿಂಕ್ಟಿನಲ್ಲಿ, ನಮ್ಮ ಲೆಕ್ಕದಲ್ಲಿ ಎರಡನೇ ಬಡಾವಣೆಯಲ್ಲಿ, ನಡೆದು ಹೋಗುತ್ತಿದ್ದೆ. ಕಚೇರಿಗಳ ಸಾಲಿನ ನಡುವೆ ತಲೆಕೆಳಗಾದ ಪಿರಮಿಡ್ಡಿನಂಥ ಗಾಜಿನ ಕಟ್ಟಡ. ಬುಡ ಸಣ್ಣದು, ಮೇಲೆ ಹೋದಂತೆ ಅಗಲ. ಇಂಧನ ಆಯೋಗದ ಕಚೇರಿ; ಜನ ಕರೆಯುವುದು ಡೈಮಂಡ್ ಬಿಲ್ಡಿಂಗ್ ಎಂದು. 2010ರಲ್ಲಿ ಕಟ್ಟಿ ಮುಗಿಸಿದ್ದು. ಇದರಲ್ಲಿ ಮಲಯದ್ದು ಏನಿದೆ? ಗುಮ್ಮಟ ಇಲ್ಲ, ಮಾಡಿಲ್ಲ, ಬಳ್ಳಿಯಿಲ್ಲ. ದಾಟಿ ಹೋಗಬೇಕೆನ್ನುವಾಗ ಕಾಲು ನಿಂತಿತು. ಮಧ್ಯಾಹ್ನ ಹನ್ನೆರಡೂವರೆ. ಸುತ್ತಲಿನ ಕಟ್ಟಡಗಳ ಗಾಜೆಲ್ಲ ಉರಿಯುತ್ತಿದೆ. ಇದರ ಗೋಡೆ ಮಾತ್ರ ನೆರಳಿನಲ್ಲಿದೆ. ತನ್ನದೇ ನೆರಳಿನಲ್ಲಿ!

ಗೋಡೆ 25 ಡಿಗ್ರಿ ಹೊರಕ್ಕೆ ವಾಲಿದೆ. ಯಾಕೆ 25? ಪುತ್ರಜಯಾ ಇರುವುದು ಭೂಮಧ್ಯರೇಖೆಯಿಂದ ಸುಮಾರು 3 ಡಿಗ್ರಿ ಉತ್ತರಕ್ಕೆ. ಡಿಸೆಂಬರಿನಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೆ ಜಾರುವುದು ಹೆಚ್ಚೆಂದರೆ 26 ಡಿಗ್ರಿ, ಜೂನಿನಲ್ಲಿ ಉತ್ತರಕ್ಕೆ 20 ಡಿಗ್ರಿ. ಗೋಡೆಯನ್ನು ಅಷ್ಟು ವಾಲಿಸಿದರೆ ಸಾಕು, ಉತ್ತರದ ಮತ್ತು ದಕ್ಷಿಣದ ಮುಖಕ್ಕೆ ವರ್ಷದುದ್ದಕ್ಕೂ ನೆತ್ತಿಬಿಸಿಲು ಹೆಚ್ಚುಕಡಿಮೆ ಬೀಳುವುದೇ ಇಲ್ಲ. ಮೇಲಿನ ಅಂತಸ್ತು ಕೆಳಗಿನ ಅಂತಸ್ತಿಗೆ ಸೂರು. ಇಡೀ ಕಟ್ಟಡವೇ ಒಂದು ಸೂರು!

ನಿಂತಲ್ಲೇ ಮೈ ಜುಮ್ಮೆಂದಿತು. ಪೆಂಗುಲುವಿನ ಮನೆ ಇಲ್ಲಿದೆ, ಬೇರೆ ಮೈ ತೊಟ್ಟು. ಕಟ್ಟಿದವರು ಹಾಗೆಂದುಕೊಂಡೇ ಕಟ್ಟಿದರು ಎಂದು ನಾನು ಹೇಳುತ್ತಿಲ್ಲ. ಅದೇ ಬಿಸಿಲಿಗೆ ಅದೇ ಉತ್ತರ ಕೊಟ್ಟಿದ್ದಾರೆ, ಅದು ಕಣ್ಣೆದುರಿಗಿದೆ. ಕಿಟಕಿಯ ಬಳಿ ಬಿದ್ದ ಬೆಳಕನ್ನು ಒಳಚಾವಣಿಗೆ ಎಸೆದು ಕೋಣೆಯ ಆಳಕ್ಕೆ ಮುಟ್ಟಿಸುತ್ತಾರೆ. ನಡುವೆ ಮೇಲಿಂದ ಬೆಳಕಿಳಿಯುವ ಬಯಲು, ನಮ್ಮ ತೊಟ್ಟಿಮನೆಯ ತೊಟ್ಟಿಯ ಹಾಗೆ. ಪುತ್ರಜಯಾದ ಸರ್ಕಾರಿ ಕಟ್ಟಡಗಳಿಗೆ ನೆಲದಡಿಯ ಕೊಳವೆಗಳಲ್ಲಿ ತಣ್ಣೀರು ಹರಿಸಿ ತಂಪು ಕೊಡುವ ವ್ಯವಸ್ಥೆ ಇದೆ. ಗುಮ್ಮಟಗಳ ಕೆಳಗಿನ ತಂಪು ಹಾಗೆ ಬರುತ್ತದೆ. ಈ ಕಟ್ಟಡದಲ್ಲಿ ರಾತ್ರಿ ಹೊತ್ತು ಕಾಂಕ್ರೀಟ್ ಹಾಸಿನೊಳಗಿನ ಕೊಳವೆಗಳಲ್ಲಿ ಆ ತಣ್ಣೀರು ಓಡುತ್ತದೆ, ಹಗಲೆಲ್ಲ ಹಾಸು ತಂಪನ್ನು ಬಿಡುತ್ತದೆ. ಮೇಲಿನ ಅಗಲವಾದ ಮಾಡು ಮಳೆನೀರು ಹಿಡಿಯುತ್ತದೆ, ಬಿಸಿಲನ್ನು ವಿದ್ಯುತ್ತಾಗಿಸುತ್ತದೆ. ಈ ದೇಶದ ಮಾಮೂಲಿ ಕಚೇರಿಗಳು ಚದರ ಮೀಟರಿಗೆ ವರ್ಷಕ್ಕೆ 200 ಯೂನಿಟ್ಟಿಗೂ ಮೇಲೆ ವಿದ್ಯುತ್ ಉರಿಸುವಾಗ ಇದಕ್ಕೆ ಸುಮಾರು 65 ಸಾಕು. ಮೂರನೇ ಒಂದು ಪಾಲು!

ಹಾಗೆಂದು ಗುಮ್ಮಟಗಳು ಬೇಡವೆನ್ನಲಾರೆ. ಆ ಗುಲಾಬಿ ಕಲ್ಲು ಸಂಜೆಯ ನೀರಿನಲ್ಲಿ ಅಲುಗುವುದನ್ನು ಕಂಡವರು ಹಾಗೆನ್ನಲಾರರು. ಕುಸುರಿಯೂ ಉಳಿಯಲಿ, ಅದನ್ನು ಕೆತ್ತುವ ಕೈಗಳು ಉಳಿಯಲಿ, ಅವರಿಗೆ ಕೆಲಸ ಸಿಗಲಿ. ಆದರೆ ಕಂಪುಂಗ್ ಬಾರುವಿನ ಮೇಲೆ ನಾಳೆ ಯಾವ ನಕ್ಷೆ ಬಿಚ್ಚಿಕೊಂಡರೂ ಅದರಲ್ಲಿ ಸೆರಾಂಬಿ ಎಷ್ಟು ಅಗಲ ಎಂದು ನೋಡಬೇಕು. ಮನೆಯ ಕೆಳಗೆ ಮಕ್ಕಳು ಆಡುತ್ತಿದ್ದ ನೆರಳಿನ ಜಾಗ ಎಲ್ಲಿ ಹೋಯಿತು, ಮೂವತ್ತನೇ ಅಂತಸ್ತಿನಲ್ಲಿ ನೆಲದ ಮೇಲೆ ಕೂತವರಿಗೆ ಗಾಳಿ ಸಿಗುತ್ತದೆಯೇ, ಯಾರ ಮಾರು ಹಿಡಿದು ಅಡುಗೆಮನೆ ಅಳೆದರು ಎಂದು ಕೇಳಬೇಕು. ಇದನ್ನು ಬೆಂಗಳೂರಿನಲ್ಲೂ ಕೇಳಬೇಕು. ಜಗಲಿಯಿಲ್ಲದ, ಸೂರಿಲ್ಲದ, ನಾಲ್ಕೂ ಕಡೆ ಗಾಜು ಬಡಿದ ಪೆಟ್ಟಿಗೆಗಳನ್ನು ನಾವೂ ಕಟ್ಟುತ್ತಲೇ ಇದ್ದೇವೆ.

ಎರಡು ಗಂಟೆ ಸುಮಾರಿಗೆ ಆಕಾಶ ಕಪ್ಪಾಯಿತು. ಇಲ್ಲಿನ ಮಳೆಗೆ ಮುನ್ಸೂಚನೆ ಇಲ್ಲ, ಒಮ್ಮೆಲೇ ಕೊಡ ಕವುಚಿದ ಹಾಗೆ. ಬೀದಿಯಲ್ಲಿದ್ದವರೆಲ್ಲ ಓಡಿ ಬಂದು ಆ ವಾಲಿದ ಗೋಡೆಯ ಕೆಳಗೆ ನಿಂತರು: ತಲೆಗೆ ತುದುಂಗ್ ಸುತ್ತಿದ ಇಬ್ಬರು ಗುಮಾಸ್ತೆಯರು, ಊಟದ ಪೊಟ್ಟಣ ಹಿಡಿದ ಹುಡುಗ, ನಾನು. ನೆಲದ ಮೇಲೆ ಒಂದು ಗೆರೆ ಮೂಡಿತು. ಗೆರೆಯಾಚೆ ನೀರು ಪುಟಿಯುತ್ತಿದೆ, ಈಚೆ ಒಂದು ಹನಿ ಇಲ್ಲ. ಅಜ್ಜಿಮನೆಯ ಜಗಲಿಯಂಚಿನಲ್ಲಿ ಆಷಾಢದ ಮಳೆಗೆ ಬೀಳುತ್ತಿದ್ದ ಅದೇ ಗೆರೆ. ಗುಮಾಸ್ತೆಯರಲ್ಲಿ ಒಬ್ಬಾಕೆ ಚಪ್ಪಲಿ ಬಿಚ್ಚಿ, ಒಂದು ಕಾಲನ್ನು ಗೆರೆಯಾಚೆ ಚಾಚಿ, ಪಾದಕ್ಕೆ ಮಳೆ ಹಿಡಿದಳು.